ತಿಂದುಹೋದ ಕೋನು

ಸೈಕಲ್ ಹಬ್ ಬಿಚ್ಚಿ ಕೂಡಿಸುವುದರಲ್ಲಿ ನನ್ನಂಥವನು ಇಡೀ ಬೀದರದಲ್ಲಿ ಇಲ್ಲ ಎಂದು ಜಂಬ ಕೊಚ್ಚಿಕೊಂಡು ತಿರುಗಿದವನು ನಾನು. ಆಫೀಸಿಗೆ ರಜೆ ಬಂದರೆ ಸಾಕು, ಅಂಗಳದಲ್ಲಿ ಗೋಣಿಚೀಲ ಹಾಸಿ, ಯಾರದೋ ಹಳೇ ಗಾಲಿಯ ನಡುವಿನ ಹಬ್ ಬಿಚ್ಚಿ, ಕರಿ ಗ್ರೀಸು ತೊಳೆದು, ಛರ್ರಾ ಎನ್ನುವ ಉಕ್ಕಿನ ಗುಂಡುಗಳನ್ನು ಒಂದೊಂದಾಗಿ ಕೂರಿಸುತ್ತಿದ್ದೆ.

ಸಂತಪುರದಲ್ಲಿರುವ ನನ್ನ ಅಕ್ಕನಿಗೆ ಚಿಕ್ಕಂದಿನ ಪೋಲಿಯೋದಿಂದ ಕಾಲು ಬರುವುದಿಲ್ಲ. ಕೈಯಿಂದ ಪೆಡಲ್ ತಿರುಗಿಸುವ ಮೂರುಗಾಲಿ ಸೈಕಲ್ ಬಂದ ದಿನವೇ, “ಇನ್ನ ನನಗ ಯಾರೂ ಎತ್ತಬ್ಯಾಡ್ರಿ” ಎಂದು ಎಲ್ಲರಿಗೂ ತಾಕೀತು ಮಾಡಿದ್ದಳು. ಹೊಸ್ತಿಲನ್ನು ತಾನೇ ತೆವಳಿ ದಾಟಿ, ಗಾಡಿ ಏರಿ, ಹೊಲಿದ ಜಂಪರುಗಳನ್ನು ಮನೆಮನೆಗೆ ಕೊಟ್ಟು ಬರುತ್ತಿದ್ದಳು.

ಹೋದ ವರ್ಷ ಅದರ ಮುಂದಿನ ಗಾಲಿ ಗರಗರ ಅನ್ನತೊಡಗಿತು. ಬಿಚ್ಚಿದರೆ, ಛರ್ರಾಗಳು ಉರುಳುವ ಉಕ್ಕಿನ ಬಳೆ, ಅದೇ ಕೋನು, ತಿಂದುಹೋಗಿ ಮೈತುಂಬ ಕುಳಿ. ಅಳತೆ ಬೇರೆ, ಸಾದಾ ಸೈಕಲ್ಲಿನದು ಕೂರದು. ಔರಾದಿನಲ್ಲಿ ಕೇಳಿದೆ, ಭಾಲ್ಕಿಯಲ್ಲಿ ಕೇಳಿದೆ. ಬೀದರದ ಹಳೇ ಅಂಗಡಿಯ ಚಾಚಾ ಉಗುರಿನಿಂದ ಕೆರೆದು ನೋಡಿ, “ಈ ಮಾಲ್ ಬಂದ್ ಆಗಿ ಭಾಳ ದಿನ ಆಯ್ತ್ರಿ. ಖರಾಬ್ ಕೋನಿಗಿ ಹೊಸ ಛರ್ರಾ ಹಾಕಬ್ಯಾಡ್ರಿ, ಜಾಮ್ ಆಯ್ತದ” ಎಂದ. ಹೊಸ ಗಾಡಿಗೆ ಸರ್ಕಾರಕ್ಕೆ ಹಾಕಿದ ಅರ್ಜಿ ಯಾವ ಮೇಜಿನ ಮೇಲೆ ಮಲಗಿದೆಯೋ ದೇವರಿಗೇ ಗೊತ್ತು.

ಮಾತು ಕೇಳಿದೆನೇ? ಇಲ್ಲ. ಅದೇ ಕೋನಿಗೆ ಹೊಸ ಛರ್ರಾ ಹಾಕಿ, ಗ್ರೀಸು ತುಂಬಿ ಬಿಗಿದೆ. ಕೈಯಲ್ಲಿ ತಿರುಗಿಸಿದರೆ ಸದ್ದೇ ಇಲ್ಲ.

“ನಡಿತದೇನೋ ತಮ್ಮಾ?” ಅಕ್ಕ ಕೇಳಿದಳು.

“ಬೀದರ ತನಕ ಹೋಗಿ ಬಾ, ನಾ ಹೇಳ್ತೀನಿ!” ಎಂದೆ. ನನ್ನ ಬಾಯಿಗಿಷ್ಟು ಮಣ್ಣು ಬೀಳ.

ವಾರ ತುಂಬುವುದರೊಳಗೆ ಸಂತಪುರದ ಬಸ್‌ಸ್ಟ್ಯಾಂಡಿನೆದುರು, ನಡುರಸ್ತೆಯಲ್ಲಿ, ಗಾಲಿ ಜಾಮಾಯಿತು. ಹಿಂದೆ ಬಸ್ಸಿನವನ ಹಾರ್ನು. “ನನಗ ಮುಟ್ಟಬ್ಯಾಡ್ರಿ, ಗಾಡಿ ನೂಕ್ರಿ” ಎಂದು ಆಕೆ ಕೂಗುತ್ತಿದ್ದರೂ ನಾಲ್ವರು ಗಂಡಸರು ಆಕೆಯನ್ನೇ ಎತ್ತಿ ಕಟ್ಟೆಯ ಮೇಲೆ ಕೂರಿಸಿದರಂತೆ. ಅವರು ಒಳ್ಳೆಯದನ್ನೇ ಮಾಡಿದರು, ಯಾರನ್ನು ಬೈಯಲಿ?

ಸುದ್ದಿ ಕೇಳಿ ಓಡಿದೆ. ಅಷ್ಟರಲ್ಲಿ ಆಕೆಯನ್ನೂ ಗಾಡಿಯನ್ನೂ ಮನೆಗೆ ಮುಟ್ಟಿಸಿದ್ದರು. ಮತ್ತೆ ಪಾನಾ ಹಿಡಿದು ನಟ್ಟು ತಿರುಗಿಸಿ ಹಬ್ ಬಿಚ್ಚಿದೆ. ಛರ್ರಾಗಳು ಒಡೆದು ಚೂರಾಗಿದ್ದವು. ಇನ್ನು ನನ್ನ ಕೈಲಿ ಏನೂ ಆಗದೆಂದು ತಿಳಿದೂ ಆ ಚೂರುಗಳನ್ನೇ ಒರೆಸುತ್ತ ಕೂತೆ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಿತವಿತ್ತು.

“ಸಾಕು ಬಿಡೋ, ಕೈ ತೊಳ್ಕೊ” ಎಂದಳು.

ತೊಳೆದು ಬಂದೆ. ಹೊಸ್ತಿಲ ಹೊರಗೆ ಕೂತಿದ್ದವಳು ನನ್ನತ್ತ ಎರಡೂ ತೋಳು ಚಾಚಿದಳು.

“ಮಳಿ ಬರೋ ಹಂಗದ. ನನಗ ಒಳಗ ಎತ್ತಿಡು.”

ಎತ್ತಿದೆ. ಇನ್ನೇನು ಮಾಡಲಿ?