ಕೆಳಗಿನಿಂದ ಬಂದ ನೀರು

ಅದು ಯಾವ ವರ್ಷ ಎಂದು ಖಚಿತವಾಗಿ ಹೇಳಲಾರೆ. ಆಗ ಎಂ.ಎ. ಓದುತ್ತಿದ್ದೆನೋ, ಮುಗಿಸಿದ್ದೆನೋ, ಅದೂ ಅನುಮಾನ. ಸೌತೆಕಾಯಿಗಳು ತೇಲಿದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅದನ್ನೂ ಪೂರ್ತಿ ನಂಬುವುದಿಲ್ಲ. ನಮ್ಮ ಮನೆಯಲ್ಲಿ ಈ ಕಥೆ ಹೇಳಿದಾಗಲೆಲ್ಲ ಕಾಯಿಗಳು ಹೆಚ್ಚುತ್ತಲೇ ಬಂದಿವೆ.

ಲಕ್ಷ್ಮಣತೀರ್ಥ ಹುಣಸೂರು ದಾಟಿ ನಮ್ಮ ಕೆ.ಆರ್. ನಗರದ ಕಡೆ ಬಂದು, ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಬಯಲಾಗುವ ಮೆಕ್ಕಲು ಮಣ್ಣಿನಲ್ಲಿ ಊರವರು ಏನಾದರೂ ಬಿತ್ತುತ್ತಾರೆ. ಮತ್ತೆ ನೀರು ತುಂಬುವವರೆಗೆ ಅದು ಅವರ ಹೊಲ. ಆ ವರ್ಷ ನಮ್ಮ ಚಿಕ್ಕವ್ವ ಮೊದಲ ಸಲ ಅಲ್ಲಿ ಸೌತೆ ಹಾಕಿದ್ದಳು. "ಮೀನಿಗೆ ಕೋಸಂಬರಿ ಮಾಡಾಕ್ತೀಯೇನೇ?" ಎಂದು ಚಿಕ್ಕಪ್ಪ ದಿನಾ ಆಡಿಕೊಳ್ಳುತ್ತಿದ್ದ. ಹಾಗಾಗಿ ಒಂದು ಕಾಯಿಯನ್ನೂ ನೀರುಪಾಲು ಮಾಡಬಾರದೆಂದು ಅವಳಿಗೆ ಹಟ ಬಂದುಬಿಟ್ಟಿತ್ತು.

ಅವಳ ಅಕ್ಕ ಇದ್ದದ್ದು ಹೊಳೆಯ ಮೇಲ್ಗಡೆ, ಹನಗೋಡಿನಲ್ಲಿ. ಬೆಳಿಗ್ಗೆ ಎದ್ದರೆ ಅವಳಿಗೆ ಫೋನು.

"ಅಕ್ಕ, ಹೊಳೆ ಬಂತಾ?"

"ಎಲ್ ಬಂತು ಕಣವ್ವ, ನಮ್ಮೂರ ಕಟ್ಟೆ ಕಲ್ಲೆಲ್ಲ ಒಣಗ್ಕಂಡು ಕುಂತವೆ. ಇನ್ನೆರಡು ದಿನ ಕಾಯಿ ಬಲೀಲಿ ಬುಡು."

ನೀರು ಬರುವುದು ಮೇಲಿನಿಂದ ತಾನೆ? ಓದಿದವನಾದ ನಾನೂ ತಲೆಯಾಡಿಸಿದೆ.

ಮೂರನೆಯ ಬೆಳಿಗ್ಗೆ ಹೋಗಿ ನೋಡಿದರೆ ಹೊಲದ ಕೆಳಗಿನ ಸಾಲುಗಳು ಮುಳುಗಿದ್ದವು. ಸದ್ದಿಲ್ಲ, ಸೆಳವಿಲ್ಲ, ನೀರು ಕೆಳಗಿನ ಕನ್ನಂಬಾಡಿ ಕಟ್ಟೆಯ ಕಡೆಯಿಂದ ನಮ್ಮತ್ತ ಏರುತ್ತಿತ್ತು.

"ನೋಡ್ತಾ ನಿಂತವ್ನಲ್ಲ, ಕೀಳ್ಲಾ!" ಎನ್ನುತ್ತ ಚಿಕ್ಕವ್ವ ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟಳು. ಹಿಂದೆಯೇ ಚಿಕ್ಕಪ್ಪ. ಬುಟ್ಟಿಗಳು ತುಂಬಿದವು, ಕಾಯಿ ಮುಗಿಯಲಿಲ್ಲ. ಕಿತ್ತದ್ದನ್ನು ನೀರಿನ ಮೇಲೇ ಬಿಟ್ಟೆವು, ಬಾತುಗಳ ಹಾಗೆ ತೇಲಿದವು. ಆಮೇಲೆ ನಾನೂ ಚಿಕ್ಕಪ್ಪನೂ ಹಳೆ ಸೀರೆಯೊಂದರ ಎರಡು ತುದಿ ಹಿಡಿದು, ಬಲೆ ಎಳೆದ ಹಾಗೆ ಎಲ್ಲವನ್ನೂ ದಡಕ್ಕೆ ಅಟ್ಟಿಕೊಂಡು ಬಂದೆವು.

"ಮೀನಿಗೆ ಒಂದಾದ್ರೂ ಬುಡೇ," ಎಂದ ಚಿಕ್ಕಪ್ಪ.

"ನಿಮ್ಗೇ ಇಲ್ಲ, ಮೀನಿಗೆಲ್ಲಿ ಕಣ್ರೀ!"

ಆದರೂ ದಡದಲ್ಲಿ ಕೂತು ಮೊದಲ ಕಾಯಿ ಮುರಿದು, ಉಪ್ಪು ಸವರಿ ಕೊಟ್ಟದ್ದು ಅವನಿಗೇ. ಕೆಸರು ಮೆತ್ತಿದ ಕೈಯಲ್ಲಿ ಅದನ್ನು ಕಚ್ಚಿ, "ಚೆನ್ನಾಗದೆ," ಎಂದು ಒಪ್ಪಿಕೊಂಡ. ಚಿಕ್ಕವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಹೊಳೆ ಹಿಂದಕ್ಕೆ ಏರಿದ್ದು ನನ್ನ ಕಲ್ಪನೆಯೇ ಇರಬೇಕೆಂದು ಬಹಳ ಕಾಲ ಅನುಮಾನವಿತ್ತು. ಕೊನೆಗೆ ಒಂದು ಜೂನ್‌ನಲ್ಲಿ ಅದೇ ಜಾಗದಲ್ಲಿ ಸಾಲಾಗಿ ಕೋಲು ನೆಟ್ಟು, ಹನಗೋಡಿಗೆ ಫೋನು ಮಾಡುತ್ತ ಕಾದೆ. ಅಲ್ಲಿ ಕಲ್ಲುಗಳು ಒಣಗಿಯೇ ಇದ್ದವು. ಇಲ್ಲಿ ಮೊದಲು ಮುಳುಗಿದ್ದು ಕನ್ನಂಬಾಡಿ ಕಡೆಯ ಕೋಲು. ಲಕ್ಷ್ಮಣತೀರ್ಥಕ್ಕೆ ಹೊಸ ನೀರು ಬರದಿದ್ದರೂ, ಕಾವೇರಿ ತುಂಬಿ ಕನ್ನಂಬಾಡಿಯ ಮಟ್ಟ ಏರಿದರೆ, ಆ ನೀರು ನಮ್ಮ ಹೊಳೆಯೊಳಕ್ಕೆ ಹಿಮ್ಮುಖವಾಗಿ ಹತ್ತುತ್ತದೆ.