ನೋಯದ ಕಿರುಬೆರಳು

ಎಡಗೈಯ ಕಿರುಬೆರಳು ನೋಯುವುದು ನಿಂತಾಗ ನಾನು ಹಿಗ್ಗಿದೆ.

ಪಿಟೀಲು ಕಲಿತವರಿಗೆ ಇದು ಅರ್ಥವಾಗುತ್ತದೆ. ತಂತಿ ಒತ್ತಿ ಒತ್ತಿ ಬೆರಳ ತುದಿ ಮೊದಲು ಉರಿಯುತ್ತದೆ, ಆಮೇಲೆ ಜಡ್ಡುಗಟ್ಟುತ್ತದೆ. "ನೋವು ಹೋಯ್ತು ಅಂದ್ರೆ ಸ್ವರ ಕೂತ್ಕೊಳ್ತು ಅಂತ ತಿಳ್ಕೊ ಮಾರಾಯ" ಎನ್ನುತ್ತಿದ್ದರು, ತೀರ್ಥಹಳ್ಳಿಯಲ್ಲಿ ನನಗೆ ಕಲಿಸಿದ ಮೇಷ್ಟ್ರು. ಅವರ ಜಗಲಿಯಲ್ಲಿ ಕಲಿತ ಹಾಗೆಯೇ ಸಾಗರದ ಚರ್ಚಿನಲ್ಲೂ ಚಾಪೆಯ ಮೇಲೆ ಕೂತು ನುಡಿಸುತ್ತಿದ್ದೆ. ನಾನು ಮಿಶನ್ ಬಂಗಲೆಯ ಅಡುಗೆಯವನ ಮಗ. ನಮ್ಮ ಮನೆತನದಲ್ಲಿ ಮೊದಲ ಬಿ.ಎ. ಓದಾಗಲಿ ಪಿಟೀಲಾಗಲಿ ಸುಲಭಕ್ಕೆ ಬಂದದ್ದಲ್ಲ.

ಒಂದು ಬೆಳಿಗ್ಗೆ ಒಲೆಯ ಪಕ್ಕ ಕಾಫಿ ಕುಡಿಯುತ್ತಿದ್ದೆ. ಹೆಂಡತಿ ಗ್ರೇಸಿ ನನ್ನ ಕೈಯನ್ನು ಎಳೆದಳು. ಕಿರುಬೆರಳು ಬಿಸಿ ಪಾತ್ರೆಗೆ ತಾಗಿ ಬೊಕ್ಕೆ ಎದ್ದಿತ್ತು; ನನಗೆ ಗೊತ್ತೇ ಆಗಿರಲಿಲ್ಲ.

"ಅದು ಜಡ್ಡು ಕಣೇ. ನಿಂಗೆ ಸಂಗೀತ ಗೊತ್ತಾಗಲ್ಲ."

"ಸಂಗೀತ ಗೊತ್ತಾಗಲ್ಲ ಸರಿ. ಬೊಕ್ಕೆ ಗೊತ್ತಾಗ್ತದೆ. ಡಾಕ್ಟ್ರ ಹತ್ರ ಹೋಗಿ."

ಡಾಕ್ಟರು ಕಣ್ಣು ಮುಚ್ಚಿಸಿದರು. ಪಿನ್ನು ಚುಚ್ಚಿದಾಗ ಹೇಳಿ ಎಂದರು. ನಾನು ಕಾಯುತ್ತಾ ಕೂತೆ. ಸಾಕು, ಕಣ್ಣು ಬಿಡಿ ಎಂದರು.

ಬೆರಳಲ್ಲಿ ರಕ್ತ ಬಂದಿತ್ತು.

"ಲೆಪ್ರಸಿ. ಮೊಣಕೈ ಹತ್ತಿರ ನರ್ವ್ ದಪ್ಪ ಆಗಿದೆ. ಟ್ಯಾಬ್ಲೆಟ್ ಇದೆ, ಬಹಳ ಕಾಲ ನುಂಗ್ಬೇಕು."

"ಪಿಟೀಲು?"

"ಮೊದಲು ಕೈ ಉಳೀಲಿ."

ಅಳು ಬರಲಿಲ್ಲ. ಬರುವ ದಾರಿಯಲ್ಲಿ ಗ್ರೇಸಿ ಹೇಳಿದ್ದ ಸೀಮೆಎಣ್ಣೆ ಕೊಂಡೆ. ಕುಷ್ಠರೋಗಿಗಳು ವಾಸಿಯಾದ ಪಾಠವನ್ನು ಚರ್ಚಿನಲ್ಲಿ ಎಷ್ಟೋ ಸಲ ಗಟ್ಟಿಯಾಗಿ ಓದಿದ್ದೇನೆ. ಆಗೆಲ್ಲ ಅವರು ಬೇರೆ ಯಾರೋ ಆಗಿದ್ದರು. ಆ ದಿನವೂ ಬೇರೆ ಯಾರದೋ ಸುದ್ದಿಯನ್ನು ಮನೆಗೆ ಒಯ್ಯುತ್ತಿರುವ ಹಾಗಿತ್ತು.

ಈ ಸಲ ಕ್ರಿಸ್ಮಸ್ಸಿಗೆ ಹಾರ್ಮೋನಿಯಂ ಒಂದೇ ಸಾಕು ಎಂದರು ಪಾದ್ರಿಗಳು, ಮೆತ್ತಗೆ. ಚರ್ಚಿನಲ್ಲಿ ಯಾರೂ ಕೆಟ್ಟ ಮಾತಾಡಲಿಲ್ಲ. ನನ್ನ ಚಾಪೆಯನ್ನು ಮಾತ್ರ ಯಾರೂ ಸುತ್ತಿಡಲಿಲ್ಲ. ಅದು ಬಿಚ್ಚಿದ ಹಾಗೆಯೇ ಇತ್ತು.

ಸುದ್ದಿ ತಿಳಿದು ಮೇಷ್ಟ್ರು ಬಸ್ಸು ಹತ್ತಿ ಬಂದರು. ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ನಾನು ಹೇಳಿದ್ದು ಜಡ್ಡಿನ ಮಾತು ಮಾರಾಯ. ಜಡ್ಡಾದ್ರೂ ಒತ್ತಿದ್ದು ಗೊತ್ತಾಗ್ತದೆ. ಬಿ.ಎ. ಓದಿದವ್ನು, ಅಷ್ಟು ಕೇಳ್ಬಾರ್ದಿತ್ತಾ?"

ನಾನು ಕೈ ಎಳೆದುಕೊಳ್ಳಲು ಹೋದೆ, ಅವರು ಬಿಡಲಿಲ್ಲ.

"ಹೋಗ್ಲಿ. ಇನ್ನೂ ಮೂರು ಬೆರಳಿದೆ. ನಾನು ಕಿರುಬೆರಳು ಎಷ್ಟು ಊರ್ತೀನಿ ಅಂತ ನೋಡಿದ್ದೀಯಾ?"

ಮೂರರಲ್ಲಿ ಉಂಗುರದ ಬೆರಳೂ ಅರ್ಧ ಜೋಮು ಹಿಡಿದಿತ್ತು. ಅವರಿಗೆ ಅದನ್ನು ಹೇಳಲಿಲ್ಲ.

ಮಾತ್ರೆ ನುಂಗುತ್ತಿದ್ದೇನೆ. ದಿನಾ ಸಂಜೆ ಗ್ರೇಸಿ ನನ್ನ ಕೈ ತಿರುಗಿಸಿ, ಸುಟ್ಟಿದೆಯೇ, ತರಚಿದೆಯೇ ಎಂದು ನೋಡುತ್ತಾಳೆ. ಡಾಕ್ಟರು ಸ್ವಲ್ಪ ನುಡಿಸಬಹುದು ಎಂದ ಮೇಲೆ ಮೊನ್ನೆ ಪೆಟ್ಟಿಗೆ ತೆಗೆದೆ. ಕಿರುಬೆರಳು ಮಡಚಿಕೊಂಡೇ ಇತ್ತು. ಅದು ಇನ್ನು ನೆಟ್ಟಗಾಗದು ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಉಂಗುರದ ಬೆರಳನ್ನು ತಂತಿಯ ಮೇಲೆ ಊರಿದೆ. ತುದಿಯ ಒಂದು ಬದಿ ಚುರುಕ್ ಎಂದಿತು. ಮತ್ತೆ ಒತ್ತಿದೆ.

"ನೋಯ್ತಿದೆ" ಎಂದೆ.

ಗ್ರೇಸಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

"ದೇವರಿಗೆ ಸ್ತೋತ್ರ" ಎಂದಳು. "ಇನ್ನೊಂದ್ಸಲ ಒತ್ತಿ."