ಮೂರನೆಯ ಸಲಕ್ಕೆ ಏಳುವ ಎಂಜಿನ್

ಸಂಜೆ ಐದೂವರೆಗೆ ಬಂದರಿನಿಂದ ಹೊರಟು, ಸೂರ್ಯ ಮುಳುಗುವುದನ್ನು ತೋರಿಸಿ, ಊಟ ಬಡಿಸಿ, ಎಂಟಕ್ಕೆ ಮರಳುವ ಹಡಗು ಅದು. ಅವನು ಅದರ ಎಂಜಿನ್ ನೋಡಿಕೊಳ್ಳಲು ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಇಷ್ಟು ವರ್ಷದಲ್ಲಿ ತೊಂಬತ್ತು ಕುರ್ಚಿಗಳೂ ತುಂಬಿದ ಸಂಜೆಗಳು ಎಷ್ಟೋ ಬಂದು ಹೋದವು. ಆದರೆ ಅವನು ಮಾತ್ರ ಆ ಹಡಗಿನಿಂದ ಒಂದು ಸಲವೂ ಸೂರ್ಯ ಮುಳುಗುವುದನ್ನು ನೋಡಿರಲಿಲ್ಲ. ಹೇಗೆ ನೋಡಿಯಾನು? ಎಂಜಿನ್ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗೆ, ಅದಕ್ಕೆ ಹೆಸರಿಗೂ ಒಂದು ಕಿಟಕಿ ಇಲ್ಲ. ಹಡಗಿನವರು ಕ್ಯಾಪ್ಟನ್ ನಿಲ್ಲುವ ಜಾಗವನ್ನು ಮೇಲ್ಮನೆ ಎಂದೂ ಎಂಜಿನ್ ಕೋಣೆಯನ್ನು ಕೆಳಮನೆ ಎಂದೂ ಕರೆಯುತ್ತಿದ್ದರು. ಅದರಿಂದ ಅವನಿಗೆ ಕೆಳಮನೆ ಎಂಬ ಹೆಸರೇ ಅಂಟಿಕೊಂಡಿತು. "ಮಸೂದೆ ಎಲ್ಲಾ ಮೇಲ್ಮನೆದು, ಮಸಿ ಮಾತ್ರ ಕೆಳಮನೆದು" ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಆ ಹಡಗಿಗೆ ಒಂದು ಪದ್ಧತಿಯಿತ್ತು. ಸೂರ್ಯ ನೀರಿಗೆ ಮುಟ್ಟುವ ಹೊತ್ತಿಗೆ ಕ್ಯಾಪ್ಟನ್ ಎರಡು ಸಲ ಗಂಟೆ ಹೊಡೆಯುತ್ತಾನೆ. ಕೆಳಗೆ ಎಂಜಿನ್ ನಿಲ್ಲಿಸಬೇಕು. ಮೂರು ನಿಮಿಷ ಹಡಗು ಸದ್ದಿಲ್ಲದೆ ತೇಲುತ್ತದೆ, ಜನ ಚಮಚ ಕೆಳಗಿಟ್ಟು ಎದ್ದು ನಿಂತು ನೋಡುತ್ತಾರೆ. ಆಮೇಲೆ ಮೂರು ಸಲ ಗಂಟೆ ಕೇಳಿದರೆ ಮತ್ತೆ ಎಂಜಿನ್ ಶುರು. ಹೀಗಾಗಿ ಅವನ ಮಟ್ಟಿಗೆ ಸೂರ್ಯಾಸ್ತ ಎಂದರೆ ಒಂದು ಮೌನ. ಮಗುಚಿಟ್ಟ ಎಣ್ಣೆಯ ಡಬ್ಬದ ಮೇಲೆ ಕೂತು, ಕೈ ಒರೆಸಿಕೊಳ್ಳುತ್ತ, ತಗಡಿನ ಆಚೆ ನೀರು ತಟ್ಟುವುದನ್ನೂ ಮೇಲೆ ತೊಂಬತ್ತು ಕುರ್ಚಿಗಳು ಒಟ್ಟಿಗೆ ಸರಿಯುವುದನ್ನೂ ಅವನು ಕೇಳಿಸಿಕೊಳ್ಳುತ್ತಿದ್ದ.

ಎಂಜಿನ್ ಹಳೆಯದು. ಬಿಸಿಯಿದ್ದಾಗ ನಿಲ್ಲಿಸಿದರೆ ಮತ್ತೆ ಏಳಲು ಸತಾಯಿಸುತ್ತದೆ ಎಂಬುದು ಅವನ ಅಂಬೋಣ. ಅವನು ಸ್ಟಾರ್ಟ್ ಮಾಡುವುದು ಎನ್ನುತ್ತಿರಲಿಲ್ಲ, ಎಬ್ಬಿಸುವುದು ಎನ್ನುತ್ತಿದ್ದ. ಎಡಗೈಯಲ್ಲಿ ಎಂಜಿನ್ನಿಗೆ ಎಣ್ಣೆ ಬಿಡುವ ಲಿವರನ್ನು ಅರ್ಧಕ್ಕೆ ಹಿಡಿಯಬೇಕು, ಬಲಗೈಯಲ್ಲಿ ಗುಂಡಿ ಒತ್ತಬೇಕು. ಮೊದಲನೆಯ ಸಲ ಕೆಮ್ಮುತ್ತದೆ, ಎರಡನೆಯ ಸಲ ಗೊಣಗುತ್ತದೆ, ಮೂರನೆಯ ಸಲ ಏಳುತ್ತದೆ. ಲಿವರನ್ನು ಪೂರ್ತಿ ತಳ್ಳಿದರೆ ಒಳಗೆ ಏನೋ ಮುರಿಯುತ್ತದೆ ಎಂಬ ಭಯ ಅವನಿಗೆ. ಏನು ಮುರಿಯುತ್ತದೆ ಎಂದು ಯಾರೂ ಕೇಳಲಿಲ್ಲ, ಕೇಳಿದ್ದರೂ ಅವನಿಗೆ ಗೊತ್ತಿರಲಿಲ್ಲ.

"ಇದಕ್ಕೆ ನನ್ನ ಕೈಯೇ ಆಗಬೇಕು ಕಣೇ. ಬೇರೆಯವರು ಮುಟ್ಟಿದ್ರೆ ತೊಂಬತ್ತು ಜನ ಸಮುದ್ರದ ನಡುವೆ ಬೆಳಗಿನ ತನಕ ಊಟ ಮಾಡ್ತಾ ಕೂತಿರಬೇಕಾಗುತ್ತೆ" ಎಂದು ಹೆಂಡತಿಗೆ ಹೇಳುತ್ತಿದ್ದ. ಒಂಬತ್ತು ವರ್ಷದ ಹಿಂದೆ ಜ್ವರ ಬಂದು ಮೂರು ದಿನ ಹಾಸಿಗೆ ಹಿಡಿದಾಗ ಕ್ಯಾಪ್ಟನ್ ಕಿತ್ತಳೆ ಹಣ್ಣು ಹಿಡಿದುಕೊಂಡು ಮನೆಗೇ ಬಂದಿದ್ದ. "ನೀನಿಲ್ದೆ ಹಡಗು ಕಟ್ಟಿ ಹಾಕಿದ್ದೀವಪ್ಪಾ, ಬೇಗ ಎದ್ದು ಬಾ" ಅಂದಿದ್ದ. ಔಷಧಿಗಿಂತ ಆ ಮಾತೇ ಅವನಿಗೆ ಹೆಚ್ಚು ನಾಟಿತು. ಆಮೇಲೆ ಮನೆಗೆ ಯಾರೇ ಬಂದರೂ ಈ ಕಥೆ ಒಂದು ಸಲ ಆಗಲೇಬೇಕು. ಹೆಂಡತಿ ನೀರಿನ ಲೋಟ ತಂದಿಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದಳು.

ಅವಳು ಬಟ್ಟೆ ಹೊಲಿಯುವವಳು. ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಕಿಟಕಿಯ ಪಕ್ಕ ಮಷಿನ್ ಇಟ್ಟುಕೊಂಡು, ಊರಿನವರ ಉದ್ದದ ಪ್ಯಾಂಟುಗಳನ್ನು ಗಿಡ್ಡ ಮಾಡುತ್ತ, ಬಿಗಿಯಾದದ್ದನ್ನು ಸಡಿಲ ಮಾಡುತ್ತ ಬದುಕಿದವಳು. ಮೇಲಿನ ತಾರಸಿಯಿಂದ ಬಂದರು ಕಾಣುತ್ತಿತ್ತು, ಗಂಡನ ಹಡಗು ಹೋಗುವುದು ಬರುವುದು ಕಾಣುತ್ತಿತ್ತು. ಆದರೆ ಪಶ್ಚಿಮಕ್ಕೆ ದೊಡ್ಡದೊಂದು ಗೋದಾಮು ಅಡ್ಡ ನಿಂತಿತ್ತು. ಸೂರ್ಯ ದಿನಾ ಆ ಗೋಡೆಯ ಹಿಂದೆಯೇ ಮುಳುಗಬೇಕು. "ಹಡಗಿಂದ ಒಂದ್ಸಲ ನೋಡ್ಬೇಕು ರೀ, ನೀರಿಗೆ ಇಳಿಯೋದನ್ನ" ಎಂದು ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ಅದಕ್ಕೇನೂ ಕಷ್ಟವಿರಲಿಲ್ಲ. ಕಂಪನಿ ಪ್ರತಿ ವರ್ಷ ಕೆಲಸದವರಿಗೆ ಇಬ್ಬರು ಕೂತು ಊಟ ಮಾಡುವ ಒಂದು ಕೂಪನ್ ಕೊಡುತ್ತಿತ್ತು. ಅವನು ಪ್ರತಿ ವರ್ಷ ಅದನ್ನು ತಂದು ಅವಳ ಕೈಗೆ ಕೊಡುತ್ತಿದ್ದ, ಪ್ರತಿ ವರ್ಷ "ಮುಂದಿನ ವರ್ಷ ನೋಡೋಣ, ಈಗ ಎಂಜಿನ್ ಯಾಕೋ ಸರಿಯಿಲ್ಲ" ಎನ್ನುತ್ತಿದ್ದ. ಒಬ್ಬಳೇ ಹೋಗು ಎಂದರೆ ಅವಳು ಒಪ್ಪುತ್ತಿರಲಿಲ್ಲ.

ಅವಧಿ ಮುಗಿದ ಕೂಪನ್‌ಗಳನ್ನು ಅವಳು ಬಿಸ್ಕತ್ತಿನ ಡಬ್ಬದಲ್ಲಿಟ್ಟು, ಹಿಂಬದಿಯಲ್ಲಿ ಅಂಗಡಿಯ ಪಟ್ಟಿ ಬರೆಯುತ್ತಿದ್ದಳು. ಹೋದ ಚಳಿಗಾಲ ಅವನು ಏನೋ ಹುಡುಕುತ್ತ ಆ ಡಬ್ಬ ತೆರೆದ. ಹಳೆಯ ಕೂಪನ್‌ಗಳ ಮೇಲೆ ಇರುವೆ ಸಾಲಿನ ಹಾಗೆ ಹದಿನೈದು ಸಾಮಾನು. ಈಚಿನವುಗಳ ಮೇಲೆ ಅಕ್ಷರ ದಪ್ಪವಾಗುತ್ತ ಬಂದು, ಕೊನೆಯದರಲ್ಲಿ ಎರಡೇ ಪದ: ಸಕ್ಕರೆ, ಸೋಪು. ಅವೂ ಒಂದರ ಮೇಲೊಂದು ಹತ್ತಿದ್ದವು. ಸೂಜಿಗೆ ದಾರ ಪೋಣಿಸಲು ಅವಳು ಪಕ್ಕದ ಮನೆಯ ಹೆಂಗಸನ್ನು ಕರೆಯುತ್ತಿದ್ದಾಳೆ ಎಂಬುದೂ ಅವತ್ತೇ ಗೊತ್ತಾಯಿತು. ಕಣ್ಣಿನ ಡಾಕ್ಟರು ದೀಪ ಹಾಕಿ ನೋಡಿ, ನೋಟ ಸುತ್ತಲಿಂದ ಮುಚ್ಚಿಕೊಂಡು ಬರುತ್ತಿದೆ, ಈಗ ಕೊಳವೆಯಲ್ಲಿ ನೋಡಿದಷ್ಟು ಉಳಿದಿದೆ, ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದು ಬೇಸಿಗೆಯ ತನಕ ಇದ್ದರೆ ದೊಡ್ಡದು ಎಂದರು. ಮೆಟ್ಟಿಲಿಳಿಯುವಾಗ ಅವಳು ಅವನ ತೋಳು ಹಿಡಿದುಕೊಂಡಿದ್ದಳು. ಅವನು ಒಂದೊಂದೇ ಮೆಟ್ಟಿಲನ್ನು ಎಣಿಸಿ ಹೇಳುತ್ತ ಇಳಿದ.

ಆ ವಾರವೇ ಅವನು ಒಂದು ಸಂಜೆಯ ರಜೆ ಕೇಳಿದ. ಅವನ ಬದಲಿಗೆ ಬಂದವನು ದೊಡ್ಡ ಹಡಗುಗಳನ್ನು ಎಳೆಯುವ ಟಗ್ ಹಡಗಿನ ಮೆಕ್ಯಾನಿಕ್, ಬಾಗಿಲು ತುಂಬುವಂಥ ಆಳು, ಏನು ಹೇಳಿದರೂ "ಆಯ್ತಣ್ಣ" ಎನ್ನುವವನು. ಅವನನ್ನು ಮುಂದೆ ಕೂರಿಸಿಕೊಂಡು ಕೆಳಮನೆ ಅರ್ಧ ದಿನ ಪಾಠ ಮಾಡಿದ. ಅರ್ಧಕ್ಕೆ ಹಿಡಿಯಬೇಕು, ಮೂರು ಸಲ ಒತ್ತಬೇಕು, ನಡುವೆ ಅವಸರ ಕೂಡದು.

"ಪೂರ್ತಿ ತಳ್ಳಿದ್ರೆ ಆಗಲ್ವಾ ಅಣ್ಣಾ?"

"ಅಯ್ಯೋ, ಬೇಡ ಮಾರಾಯಾ!"

"ಆಯ್ತಣ್ಣ" ಎಂದು ಅವನು ತಲೆಯಾಡಿಸಿದ.

ಮಂಗಳವಾರ ಸಂಜೆ ಇಬ್ಬರೂ ಪ್ರಯಾಣಿಕರ ಸಾಲಿನಲ್ಲಿ ನಿಂತರು. ಅವಳು ಮದುವೆಮನೆಗೆ ಹೋಗುವಾಗ ಹಾಕಿಕೊಳ್ಳುವ ನೀಲಿ ಬಟ್ಟೆ ಹಾಕಿದ್ದಳು. ಬಟ್ಟೆಗೆ ತಾನೇ ಇಸ್ತ್ರಿ ಮಾಡಿದ್ದಳು, ಒಂದು ತೋಳಿನ ಸುಕ್ಕು ಅವಳಿಗೆ ಕಂಡಿರಲಿಲ್ಲ. ಬಡಿಸುವವರ ಮೇಸ್ತ್ರಿ ಅವರನ್ನು ಕಂಬಿಯ ಪಕ್ಕದ ಮೇಜಿಗೆ ಕರೆದುಕೊಂಡು ಹೋಗಿ, "ಏನು ಕೆಳಮನೆ, ಇವತ್ತು ಮೇಲ್ಮನೆಗೆ ಬಡ್ತಿನಾ?" ಎಂದ. ಎಲ್ಲರೂ ನಕ್ಕರು. ಅವನಿಗೆ ಮಾತ್ರ ನಗು ಬರಲಿಲ್ಲ. ಬೂಟಿನೊಳಗಿನ ಪಾದ ಆಗಲೇ ನೆಲಕ್ಕೆ ಕಿವಿಗೊಟ್ಟು ಕೂತಿತ್ತು.

ಹಡಗು ಹೊರಟಿತು. ಅವಳು ಬಟ್ಟೆ ಹಾಸಿದ ಮೇಜಿನ ಅಂಚನ್ನು ಬೆರಳಲ್ಲಿ ಸವರಿ, "ಹೊಲಿಗೆ ಚೆನ್ನಾಗಿದೆ" ಎಂದಳು. ಸೂಪು ಬಂತು. ಅವನು ಚಮಚ ಅವಳ ಕೈಗಿತ್ತು, ಬಟ್ಟಲು ಎಲ್ಲಿದೆ, ಲೋಟ ಎಲ್ಲಿದೆ ಎಂದು ಹೇಳಿಕೊಟ್ಟ. ಆದರೆ ಅವನ ಅಂಗೈ ಮೇಜಿನ ಮೇಲೆ ಅಂಟಿಕೊಂಡಂತೆ ಇತ್ತು.

"ಊಟಕ್ಕೆ ಬಂದಿದ್ದೀರೋ, ಎಂಜಿನ್‌ನ ನಾಡಿ ನೋಡೋಕೆ ಬಂದಿದ್ದೀರೋ?" ಎಂದಳು.

"ವೇಗ ಜಾಸ್ತಿ ಇಟ್ಟಿದ್ದಾನೆ ಕಣೇ. ತಿರುವಿನಲ್ಲಿ ಇಳಿಸ್ಬೇಕು. ಹೇಳಿದ್ದೆ ಅವನಿಗೆ."

ಬಂದರಿನ ಬಾಯಿ ದಾಟುವಾಗ ಕೆಳಗಿನಿಂದ ಬರುತ್ತಿದ್ದ ಸದ್ದು ಸಣ್ಣಗೆ ಬದಲಾಯಿತು. ತೊಂಬತ್ತು ಜನರಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ. ಅವನು ಅರ್ಧ ಎದ್ದ. ಸೂರ್ಯ ನೀರಿನಿಂದ ಅರ್ಧ ಬೆರಳು ಮೇಲಿದ್ದ. ಈಗ ಕೆಳಗಿಳಿದರೆ ಹತ್ತು ನಿಮಿಷವಂತೂ ಮೇಲೆ ಬರಲಾಗುವುದಿಲ್ಲ, ಅವಳ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಇಂಥ ಇನ್ನೊಂದು ಸಂಜೆಗೆ ಅವಳ ಕಣ್ಣು ಕಾಯುವುದೂ ಇಲ್ಲ. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅರ್ಧ ಎದ್ದೇ ನಿಂತಿದ್ದ. ಅವಳು ಅವನ ತೋಳು ಹಿಡಿದು ಎಳೆಯಲಿಲ್ಲ. "ಹೋಗ್ಬೇಕು ಅನ್ಸಿದ್ರೆ ಹೋಗಿ ಬನ್ನಿ" ಎಂದಷ್ಟೇ ಹೇಳಿದಳು, ಇಪ್ಪತ್ತೆರಡು ವರ್ಷ ದಿನಾ ಕೆಲಸಕ್ಕೆ ಕಳಿಸುವಾಗ ಹೇಳಿದ ದನಿಯಲ್ಲೇ.

ಅವನು ಕೂತ. ಹಾಗೆ ಕೂರುವುದು ಅವನ ಜೀವಮಾನದ ಕಷ್ಟದ ಕೆಲಸಗಳಲ್ಲಿ ಒಂದಾಗಿತ್ತು.

ಎರಡು ಸಲ ಗಂಟೆ ಬಾರಿಸಿತು. ಎಂಜಿನ್ ನಿಂತಿತು. ಕುರ್ಚಿಗಳು ಸರಿದವು. ಮೇಲೆ ನಿಂತು ಕೇಳಿದಾಗ ಆ ಮೌನ ಬೇರೆಯೇ ಆಗಿತ್ತು, ಗಾಳಿ ಇತ್ತು, ಯಾರದೋ ಕೆಮ್ಮು ಇತ್ತು. ಅವಳು ಕಂಬಿ ಹಿಡಿದು ನಿಂತು, ಕತ್ತು ಅತ್ತಿತ್ತ ಆಡಿಸಿ ಹುಡುಕಿದಳು. ಅವಳಿಗೆ ಉಳಿದಿದ್ದ ನೋಟ ಬಾಗಿಲ ಕೀಲಿಯ ರಂಧ್ರದಷ್ಟು, ಅದರಲ್ಲಿ ಇಡೀ ಸಮುದ್ರ ಹುಡುಕಬೇಕು.

"ಸಿಕ್ತು ರೀ" ಎಂದಳು. "ಕೆಂಪಗಿದೆ. ನಾನು ದೊಡ್ಡದು ಅಂದ್ಕೊಂಡಿದ್ದೆ."

ಅವನು ಅವಳ ಮುಖ ಯಾವ ಕಡೆಗಿದೆ ಎಂದು ನೋಡಿದ. ಅವಳು ನೋಡುತ್ತಿದ್ದುದು ಬಂದರಿನ ತಡೆಗೋಡೆಯ ತುದಿಯಲ್ಲಿ ಉರಿಯುತ್ತಿದ್ದ ಕೆಂಪು ದೀಪವನ್ನು. ಒಂದು ಕ್ಷಣ ಸುಮ್ಮನಿದ್ದುಬಿಡೋಣ ಎನ್ನಿಸಿತು, ಅವಳು ಸಂತೋಷವಾಗಿಯೇ ಇದ್ದಾಳಲ್ಲ. ಆದರೆ ಇಪ್ಪತ್ತೆರಡು ವರ್ಷ ಕಾಯಿಸಿ ಕೊನೆಗೆ ದೀಪ ತೋರಿಸಿ ಕರೆದುಕೊಂಡು ಹೋಗಲು ಅವನ ಮನಸ್ಸು ಒಪ್ಪಲಿಲ್ಲ. ಎರಡು ಕೈಯಲ್ಲೂ ಅವಳ ಮುಖ ಹಿಡಿದು ಒಂದು ಗೇಣು ಬಲಕ್ಕೆ ತಿರುಗಿಸಿದ.

"ಅದು ದೀಪ. ಇದು."

ಅವಳು ಕಣ್ಣು ಅಗಲಿಸಿದಳು. ಆಮೇಲೆ, "ಅಬ್ಬಾ, ಅಂಚೇ ಕಾಣ್ತಿಲ್ಲ. ಬರೀ ಕೆಂಪು" ಎಂದಳು. ಅವಳ ಗಲ್ಲ ಅವನ ಅಂಗೈಯಲ್ಲಿ ಬಿಸಿಯಾಗಿತ್ತು. ಅವನು ಅವಳ ಮುಖವನ್ನೇ ನೋಡುತ್ತಿದ್ದ. "ಇಳೀತಾ ಇದೆ... ಇಳೀತಾ ಇದೆ. ಹೋಯ್ತು ರೀ." ಸುತ್ತ ಜನ ಚಪ್ಪಾಳೆ ಹೊಡೆದರು.

ಮೂರು ಸಲ ಗಂಟೆ ಬಾರಿಸಿತು.

ಅವನು ಕಂಬಿಯನ್ನು ಬಿಗಿಯಾಗಿ ಹಿಡಿದ. ಕೆಮ್ಮಲಿ ಎಂದು ಕಾದ, ಆಮೇಲೆ ಗೊಣಗಲಿ. ಎಂಜಿನ್ ಕೆಮ್ಮಲೂ ಇಲ್ಲ, ಗೊಣಗಲೂ ಇಲ್ಲ. ಮೊದಲನೆಯ ಸಲಕ್ಕೇ, ಹೊಸದರ ಹಾಗೆ, ಗುಂಯ್ ಎಂದು ಎದ್ದುಬಿಟ್ಟಿತು. ಮೆಕ್ಯಾನಿಕ್ ಲಿವರನ್ನು ಪೂರ್ತಿ ತಳ್ಳಿದ್ದಾನೆ ಎಂದು ಅವನ ಪಾದಕ್ಕೆ ತಿಳಿಯಿತು. ಏನೂ ಮುರಿಯಲಿಲ್ಲ. ಹಡಗು ನಯವಾಗಿ ತಿರುಗಿ ಊರಿನ ಕಡೆ ಹೊರಟಿತು.

ಯಾರೋ ಎಲ್ಲರೆದುರು ಕಪಾಳಕ್ಕೆ ಹೊಡೆದಂತೆ ಅವನು ಕುರ್ಚಿಯ ಮೇಲೆ ಕೂತ. ಎಂಜಿನ್ ಯಾವತ್ತೂ ಸತಾಯಿಸಿರಲಿಲ್ಲ. ಸತಾಯಿಸಿದ್ದು ಅವನ ಕೈ. ಆ ಇಪ್ಪತ್ತೆರಡು ಕೂಪನ್‌ಗಳಲ್ಲಿ ಯಾವುದನ್ನು ಹಿಡಿದು ಬಂದಿದ್ದರೂ ಆಗುತ್ತಿತ್ತು, ಅವಳಿಗೆ ಎರಡು ಕಣ್ಣು ತುಂಬ ಸೂರ್ಯ, ಅದರ ಅಂಚು, ನೀರಿನ ಮೇಲೆ ಬಿದ್ದ ದಾರಿ, ಎಲ್ಲವೂ ಸಿಗುತ್ತಿತ್ತು.

"ಮೂರನೇ ಸಲಕ್ಕಲ್ವಾ ಅದು ಏಳೋದು?" ಎಂದಳು ಅವಳು, ಮೆಲ್ಲಗೆ.

"ಯಾರು ಮುಟ್ಟಿದ್ರೂ ಏಳುತ್ತೆ ಕಣೇ" ಎಂದ. "ನಾನೇ ದಡ್ಡ. ಸುಮ್ಸುಮ್ನೆ..."

"ನಂಗೊತ್ತಿತ್ತು."

ಅವನು ತಲೆಯೆತ್ತಿದ.

"ನಿಮಗೆ ಜ್ವರ ಬಂದಿತ್ತಲ್ಲ, ಆ ಮೂರು ದಿನವೂ ಹಡಗು ಹೋಗಿತ್ತು. ತಾರಸಿ ಮೇಲೆ ಬಟ್ಟೆ ತೆಗೆಯೋಕೆ ಹೋದಾಗ ನೋಡಿದ್ದೆ. ಸರಿಯಾದ ಹೊತ್ತಿಗೆ ಹೋಗಿ ಸರಿಯಾದ ಹೊತ್ತಿಗೆ ಬಂತು. ಆಗ ಕಣ್ಣು ಚೆನ್ನಾಗಿತ್ತು, ದೀಪ ಒಂದೊಂದೂ ಎಣಿಸಬಹುದಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಕ್ಯಾಪ್ಟನ್ ಬಂದು ಹಡಗು ಕಟ್ಟಿ ಹಾಕಿದ್ದೀವಿ ಅಂದಾಗ ನಿಮ್ಮ ಮುಖ ನೋಡಿದ್ದೆ. ಅಷ್ಟು ಖುಷಿಯಾಗಿ ನಾನು ನಿಮ್ಮನ್ನ ನೋಡಿದ್ದೇ ಇಲ್ಲ. ಹೇಳೋಕೆ ಬಾಯಿ ಬರ್ಲಿಲ್ಲ."

"ಹೇಳಿದ್ದಿದ್ರೆ ಅವತ್ತೇ ಕರ್ಕೊಂಡು ಬರ್ತಿದ್ನಲ್ಲೇ."

"ಬರ್ತಿದ್ರಾ?" ಎಂದಳು. ಅದರಲ್ಲಿ ಕೊಂಕು ಇರಲಿಲ್ಲ, ಗೊತ್ತಿಲ್ಲದೆ ಕೇಳಿದಂತೆಯೇ ಕೇಳಿದಳು.

ಊಟ ಬಂತು. ಅವನು ಮೀನಿನ ಮುಳ್ಳನ್ನು ಒಂದೊಂದಾಗಿ ತೆಗೆದು ಚೂರುಗಳನ್ನು ಅವಳ ತಟ್ಟೆಯ ಬಲಕ್ಕೆ ಇಡುತ್ತ ಹೋದ, ಅವಳು ತಿನ್ನುತ್ತ ಹೋದಳು. ಕೆಳಗೆ ಎಂಜಿನ್ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಅವನ ಪಾದ ಮೊದಲ ಸಲ ಅದನ್ನು ಕೇಳಿಸಿಕೊಳ್ಳುವುದನ್ನು ಬಿಟ್ಟಿತ್ತು.

ಬಂದರಿನ ಒಳಗೆ ಬಂದಾಗ ಊರಿನ ದೀಪಗಳು ಹತ್ತಿಕೊಂಡಿದ್ದವು. ಅವಳಿಗೆ ಅವು ಕಾಣುತ್ತಿರಲಿಲ್ಲ. "ಏನೇನಿದೆ ಹೇಳಿ" ಎಂದಳು. ಅವನು ಎಡದಿಂದ ಹೇಳುತ್ತ ಬಂದ: ಗೋದಾಮು, ಆಸ್ಪತ್ರೆಯ ದೊಡ್ಡ ದೀಪ, ಬಸ್ ನಿಲ್ದಾಣ.

"ನಮ್ಮ ತಾರಸಿ ಕಾಣುತ್ತಾ?"

ಅವನು ಹುಡುಕಿದ. ಆಸ್ಪತ್ರೆಯ ಹಿಂದೆ, ಮೂರು ಮಹಡಿಯ ಮೇಲೆ, ದಾರಿದೀಪದ ಬೆಳಕಿನಲ್ಲಿ ಒಂದು ಬಿಳಿ ಹೊದಿಕೆ ತಂತಿಯ ಮೇಲೆ ಆಡುತ್ತಿತ್ತು. ಹಡಗಿನಿಂದ ತಮ್ಮ ತಾರಸಿ ಇಷ್ಟು ಚೆನ್ನಾಗಿ ಕಾಣುತ್ತದೆ ಎಂದು ಅವನಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಅಲ್ಲಿ ನಿಂತು ಅವಳು ಎಷ್ಟು ಸಂಜೆ ಇತ್ತ ನೋಡಿದ್ದಳೋ.

"ಕಾಣುತ್ತೆ" ಎಂದು ಅವನು ಅವಳ ಕೈ ಹಿಡಿದುಕೊಂಡ. "ಹೊದಿಕೆ ತೆಗೆಯೋದು ಮರೆತು ಬಂದಿದ್ದೀವಿ."